ಶಾಂತಾಬಾಯಿಯ ಸಾಗವಾನಿ ಮಂಚ

ಮಡಚುವ ಗಾಡಿಯ ಮೇಲೆ ಶಾಂತಾಬಾಯಿಯ ದೊಡ್ಡ ಪೆಟ್ಟಿಗೆ ಹೊರಟಿತ್ತು. ಮೈತುಂಬ ಚಾದರ ಹೊದ್ದು, ಮುಖ ಮುಚ್ಚಿಕೊಂಡ ಕಳ್ಳನ ಹಾಗೆ.

ಎದುರಿನ ಕಟ್ಟೆಯ ಮೇಲೆ ಕುಳಿತಿದ್ದ ಬಂಡೆಪ್ಪ ಎಲೆ ಅಡಿಕೆ ಜಗಿಯುವುದನ್ನು ನಿಲ್ಲಿಸಿದ. ಚಾದರ ಹೊದಿಸಿದರೇನು? ಬಂಡೆಪ್ಪನ ಕಣ್ಣು ಅಂಥಿಂಥ ಕಣ್ಣಲ್ಲ. ಕಾಕತಿಯ ಗುಡ್ಡದ ಮೇಲೆ ಹಲ್ಲಿ ಬಾಲ ಅಲ್ಲಾಡಿಸಿದರೆ, ಅದು ಹೆಣ್ಣೋ ಗಂಡೋ ಎಂದು ಖಾಸಬಾಗದಲ್ಲಿ ಕುಳಿತೇ ಹೇಳಿಬಿಡುವ ಕಣ್ಣು. ಶಾಂತಾಬಾಯಿಯ ಮನೆಯಲ್ಲಿ ಯಾವ ಸಾಮಾನು ಎಲ್ಲಿದೆ, ಯಾವುದು ಹಲಸು, ಯಾವುದು ಸಾಗವಾನಿ, ಹಿತ್ತಲ ಬಾಗಿಲಿನ ಅಗಳಿ ಎಷ್ಟು ಸಡಿಲ, ಎಲ್ಲವೂ ಅವನಿಗೆ ಬಾಯಿಪಾಠ. ಆ ಮನೆಯ ನಾಯಿ ಊರಿಗೆಲ್ಲ ಬೊಗಳುತ್ತಿತ್ತು. ಅವನನ್ನು ಕಂಡರೆ ಮಾತ್ರ ಬಾಲ ಆಡಿಸುತ್ತಿತ್ತು.

ಗಾಡಿ ತಳ್ಳುತ್ತಿದ್ದವನು ಅತಿಶಯ. ಶಾಂತಾಬಾಯಿಯ ತಂಗಿಯ ಮಗ, ಖಾನಾಪುರದವನು.

"ಏನಪಾ ಅತಿಶಯ, ಪೆಟ್ಟಿಗಿ ಎಲ್ಲಿಗೆ ಹೊಂಟೈತಿ?"

"ರಿಪೇರಿಗೆ ರೀ ಕಾಕಾ."

"ಮೊನ್ನಿ ಬೆಂಚೂ ರಿಪೇರಿಗೇ ಹೋತು. ಅದರ ಮೊದಲ ಕಪಾಟು. ತಿರುಗಿ ಬಂದದ್ದು ನಾ ಕಾಣಲಿಲ್ಲಪಾ."

"ಹಳೀ ಸಾಮಾನ್ರಿ. ಹೊತ್ತು ಹಿಡೀತದ."

ಓಣಿಯ ತುದಿಯಲ್ಲಿ ನಿಂತ ಟೆಂಪೊಗೆ ಅತಿಶಯ ಪೆಟ್ಟಿಗೆ ಏರಿಸಿದ. ಆಮೇಲೆ ಗಾಡಿಯ ಹಿಡಿಕೆ ಒಳಕ್ಕೆ ಸರಿಸಿ, ಗಾಲಿ ಮಡಚಿ, ಕೊಡೆಯ ಹಾಗೆ ಕಂಕುಳಿಗೆ ಸಿಕ್ಕಿಸಿಕೊಂಡ. ಬಿಚ್ಚಿದರೆ ಆನೆ ಕುಳಿತು ಸವಾರಿ ಹೋಗಬಹುದು. ಮಡಚಿದರೆ ಹಪ್ಪಳದ ಡಬ್ಬಿಯ ಹಿಂದೆ ಅಡಗೀತು. ಕಳ್ಳರಿಗೆಂದೇ ಮಾಡಿದ ಗಾಡಿ ಎಂದು ಬಂಡೆಪ್ಪ ತೀರ್ಮಾನಿಸಿದ.

ಶಾಂತಾಬಾಯಿ ಬಾಗಿಲಲ್ಲೇ ನಿಂತಿದ್ದಳು. ಬಂಡೆಪ್ಪನನ್ನು ನೋಡಿದಳು, ಸಣ್ಣಗೆ ನಕ್ಕಳು, ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ಮನೆ ಖಾಲಿಯಾಗುತ್ತಿರುವ ಹೆಂಗಸು ನಗುವುದೆಂದರೇನು? ಹುಡುಗ ಏನೋ ಮಂಕುಬೂದಿ ಎರಚಿದ್ದಾನೆ.

ಇನ್ನೂ ಒಂದು ವಿಚಿತ್ರವಿತ್ತು. ಸ್ಟೀಲಿನ ತಿಜೋರಿ ಹೋಗಲಿಲ್ಲ. ಟಿವಿ ಹೋಗಲಿಲ್ಲ. ಹೊಸ ಫ್ರಿಜ್ಜು ಅಲ್ಲೇ ಗುರುಗುಡುತ್ತಿತ್ತು. ಹೋದದ್ದೆಲ್ಲ ಕಟ್ಟಿಗೆಯ ಸಾಮಾನು. ಉಳಿದದ್ದು ಸಾಗವಾನಿ ಮಂಚ ಒಂದೇ. ಅದರ ಒಂದೊಂದು ಕಾಲೂ ಗುಡಿಯ ಕಂಬದಷ್ಟು ದಪ್ಪ. ಇಡೀ ಖಾಸಬಾಗ ಅದರ ಮೇಲೆ ಮಲಗಿದರೂ ಮಗ್ಗುಲು ಬದಲಿಸಲು ಜಾಗ ಉಳಿಯುತ್ತಿತ್ತು. ವರ್ಷವಿಡೀ ಆ ಮಂಚದ ಮೇಲೆ ಕಣ್ಣಿಟ್ಟು ಕಾದವನು ಬಂಡೆಪ್ಪ. ಈಗ ನಿನ್ನೆ ಮೊನ್ನೆ ಬಂದವನೊಬ್ಬ ಅದನ್ನು ಹೊಡೆದುಕೊಂಡು ಹೋಗುವುದೇ?

ಸಂಜೆ ಚಹಾದಂಗಡಿಯಲ್ಲಿ ಗೆಳೆಯರೆಲ್ಲರ ಎದುರು ಅವನು ಎದೆ ತಟ್ಟಿಕೊಂಡ. "ಶಾಂತಕ್ಕನ ಮಂಚ ನಮ್ಮ ಓಣಿ ದಾಟಿತಂದ್ರ, ನನ್ನ ಮಂಚದ ಮ್ಯಾಲೆ ನಾ ಮಲಗೂದಿಲ್ಲ. ನೆಪ್ಪಿಟ್ಕೋರಿ."

"ನೆಪ್ಪಿಡ್ತೀವಿ ಬಿಡ್ರಿ ಕಾಕಾ," ಎಂದ ಗಜಾನನ, ಬೆರಳುಗಳಿಂದ ಮೇಜು ಬಾರಿಸುತ್ತ.

ಸುದ್ದಿ ಅವನಿಗಿಂತ ಮೊದಲೇ ಮನೆ ಮುಟ್ಟಿತ್ತು. ಹೆಂಡತಿ ಗಂಗಾದೇವಿ ರೊಟ್ಟಿ ತಟ್ಟುತ್ತಲೇ ಕೇಳಿದಳು. "ಮಂದಿ ಮಂಚದ ಚಿಂತಿ ನಿಮಗ್ಯಾಕ್ರಿ? ನಾಳೆ ನೆಲದ ಮ್ಯಾಲೆ ಮಲಗಿ ಟೊಂಕ ಹಿಡಕೊಂಡ್ರ ತಿಕ್ಕವ್ರು ಯಾರು?"

"ಓಣಿ ಮರ್ಯಾದಿ ಪ್ರಶ್ನಿ ಐತಿ. ಸುಮ್ಮನಿರು."

ಮರುದಿನ ಊಟಕ್ಕೆಂದು ಒಳಗೆ ಹೋದದ್ದೇ ತಪ್ಪಾಯಿತು. ಕೈ ತೊಳೆದು ಹೊರಗೆ ಬಂದಾಗ ಟೆಂಪೊ ತಿರುವು ದಾಟುತ್ತಿತ್ತು. ಹಿಂದೆ ಚಾದರದಿಂದ ನಾಲ್ಕು ದಪ್ಪ ಕಾಲು ಹೊರಗೆ ಇಣುಕುತ್ತಿದ್ದವು.

ಬಂಡೆಪ್ಪನ ಮೊಪೆಡ್ಡು ಎಮ್ಮೆಯನ್ನೂ ಹಿಂದೆ ಹಾಕಿದ ದಾಖಲೆಯಿಲ್ಲ. ಅಂದು ಮಾತ್ರ ಅದು ವಿಮಾನವಾಯಿತು. ದೇಸೂರಿನ ಜನರಿಗೆ ಕಂಡದ್ದು ಬರೀ ಧೂಳು.

ಖಾನಾಪುರದ ಸ್ಟೇಶನ್ ಹಿಂದೆ ಒಂದು ಹಂಚಿನ ಮನೆ. ಅದರ ಕೋಣೆಯಲ್ಲಿ ಕಪಾಟು, ಬೆಂಚು, ಪೆಟ್ಟಿಗೆ. ಗೋಡೆಗೆ ಒರಗಿಸಿದ ಮಂಚ. ಅತಿಶಯ ಬಾಗಿಲಿಗೆ ಕುಂಬಳಕಾಯಿಯಂಥ ಬೀಗ ಜಡಿಯುತ್ತಿದ್ದ.

"ಸಿಕ್ಕಿದೆಲ್ಲೋ ಮಗನ. ಮಾವಶಿ ಮನಿ ತೊಳದು ಹಾಕಾಕ ನಾಚಿಕಿ ಬರೂದಿಲ್ಲೇನ?"

ಅತಿಶಯ ಬೆಚ್ಚಲಿಲ್ಲ. "ಮಾವಶೀನ ಇಡಾಕ ಹೇಳ್ಯಾಳ್ರಿ. ಹುಣ್ಣಿಮಿ ಮುಗೀಲಿ, ಎಲ್ಲಾ ವಾಪಸ್ ಒಯ್ತೀನಿ. ನೀವು ಬೆನ್ನ ಹತ್ತಿ ಬರತೀರಿ ಅಂತನೂ ಹೇಳಿದ್ಲು. ಕುಂದರ್ರಿ, ಚಾ ಇಟ್ಟೀನಿ."

ಯಾಕೆ ಎಂದು ಬಂಡೆಪ್ಪ ಕೇಳಲಿಲ್ಲ. ಚಹಾ ಅರ್ಧಕ್ಕೇ ಬಿಟ್ಟು ಎದ್ದ. ಹೊರಡುವಾಗ ಅತಿಶಯ ಮಡಚಿದ ಗಾಡಿಯನ್ನು ಮೊಪೆಡ್ಡಿನ ಹಿಂದೆ ಕಟ್ಟಿದ.

"ಹೆಂಗೂ ಹೊಂಟೀರಿ. ಮಾವಶಿಗೆ ಮುಟ್ಟಿಸಿಬಿಡ್ರಿ ಕಾಕಾ."

ಖಾಸಬಾಗ ತಲುಪಿದಾಗ ಹೊತ್ತು ಇಳಿದಿತ್ತು. ಓಣಿಯ ಬಾಯಲ್ಲೇ ಗಜಾನನ ಬಾರಿಸುವ ಹಲಗೆಯನ್ನು ಬೆಂಕಿಗೆ ಕಾಸುತ್ತಿದ್ದ. ಅವನ ಹಿಂದೆ ಮೀಸೆ ತಿರುವಿ ಕುಳಿತ ಕಾಮಣ್ಣನ ಗೊಂಬೆ, ಸುತ್ತ ಗೆಳೆಯರ ದಂಡು.

"ಬರ್ರಿ ಕಾಕಾ, ನಿಮ್ಮ ದಾರೀನ ಕಾಯಾಕತ್ತೀವಿ," ಎಂದ ಗಜಾನನ. "ನಾಳೆ ಕಾಮಣ್ಣನ ಸುಡೂದೈತಿ. ಹ್ವಾದ ವರ್ಷ ಶಾಂತಕ್ಕನ ಏಣಿ ಕದ್ದು ತಂದು ಬೆಂಕಿಗೆ ಹಾಕಿದ್ರಿ, ಅದರ ಹಿಂದಿನ ವರ್ಷ ತೊಟ್ಟಲಾ. ಈ ಸಲ ಮಂಚ ಎತ್ತತೀನಿ ಅಂದಿದ್ರಿ. ಎಲ್ಲೈತ್ರಿ?"

ಹೋಳಿಯ ಕಟ್ಟಿಗೆ ಕದ್ದವನ ಮೇಲೆ ಆ ಓಣಿಯಲ್ಲಿ ಯಾರೂ ದೂರು ಕೊಡುವುದಿಲ್ಲ. ಆದರೆ ಎದೆ ತಟ್ಟಿ ಹೇಳಿದ ಮಾತನ್ನು ಯಾರೂ ಮರೆಯುವುದೂ ಇಲ್ಲ. ಗೆಳೆಯರ ಕಣ್ಣು ಆಗಲೇ ಬಂಡೆಪ್ಪನ ಮನೆಯತ್ತ ಹೊರಳಿತ್ತು. ಬಂಡೆಪ್ಪ ಯಾರ ಮುಖವನ್ನೂ ನೋಡದೆ ಎದುರು ಮನೆಗೆ ನಡೆದು, ಬಾಗಿಲಲ್ಲಿ ನಿಂತಿದ್ದ ಶಾಂತಾಬಾಯಿಯತ್ತ ಗಾಡಿ ಚಾಚಿದ.

ಆಕೆ ಅದನ್ನು ಮುಟ್ಟಲಿಲ್ಲ. "ನಿಮ್ಮ ಕಡೇನ ಇರಲಿ, ಬಂಡೆಪ್ಪಣ್ಣ. ನಿಮ್ಮ ಮಂಚಾನೂ ಭಾರ ಐತಿ."