ಇಬ್ಬರು ಹೆಂಗಸರ ವಾಕ್ಯ

ಭಾನುವಾರದ ಆರಾಧನೆಯಲ್ಲಿ ಬೈಬಲ್ ಓದುತ್ತಿದ್ದ ಕೃಪಾ ವಾಕ್ಯದ ನಡುವೆಯೇ ನಿಲ್ಲಿಸಿಬಿಟ್ಟಳು. ಸಭೆಯೊಳಗೆ ಮುನಿಸಿಕೊಂಡಿದ್ದ ಇಬ್ಬರು ಹೆಂಗಸರಿಗೆ ಒಂದಾಗಿರಿ ಎಂದು ಪೌಲನು ಫಿಲಿಪ್ಪಿಯವರಿಗೆ ಬರೆದ ಪತ್ರದಲ್ಲಿ ಬೇಡಿಕೊಳ್ಳುವ ಜಾಗ ಅದು. ಕುಂದಲಹಳ್ಳಿಯ ಆ ಪುಟ್ಟ ಚರ್ಚಿನಲ್ಲಿ ಕೂತವರೆಲ್ಲ ಮೆಲ್ಲಗೆ ಎಸ್ತೇರಮ್ಮನ ಕಡೆ ತಿರುಗಿದರು.

ಸ್ತ್ರೀಯರ ಕೂಟವನ್ನು ಮೊದಲಿಂದ ನಡೆಸಿದವರು ಎಸ್ತೇರಮ್ಮ. ಕೃಪಾಳಿಗೆ ಬಾಯಿಬಿಟ್ಟು ಪ್ರಾರ್ಥನೆ ಮಾಡಲು ಕಲಿಸಿದವರೂ ಅವರೇ. ಈಸ್ಟರ್ ಆದಮೇಲೆ ಪಾಸ್ಟರ್ ಆ ಜವಾಬ್ದಾರಿಯನ್ನು ಕೃಪಾಳಿಗೆ ಕೊಟ್ಟರು. ಅಂದಿನಿಂದ ಎಸ್ತೇರಮ್ಮ ಕೂಟಕ್ಕೂ ಬಂದಿಲ್ಲ, ಅವಳ ಹತ್ತಿರ ಮಾತೂ ಆಡಿಲ್ಲ.

"ಅಕ್ಕಾ," ಕೃಪಾ ಎಸ್ತೇರಮ್ಮನನ್ನು ಕರೆದಳು. "ಇದನ್ನ ನಾನೊಬ್ಳೇ ಓದೋಕಾಗಲ್ಲ. ನೀವು ಬಂದು ಓದಿ."

ಎಸ್ತೇರಮ್ಮ ಎದ್ದು, ಸೆರಗು ಸರಿಮಾಡಿಕೊಂಡು ಬಂದು ಅವಳ ಪಕ್ಕ ನಿಂತರು. ಕೃಪಾ ಬೈಬಲ್ ಕೊಡಹೋದರೆ, ಅವರು ಅದನ್ನು ಮೆಲ್ಲಗೆ ಅವಳ ಕಡೆಗೇ ತಳ್ಳಿದರು.

"ನಾನು ಕನ್ನಡಕ ತಂದಿಲ್ಲ ಕಣೇ. ನೀನು ಓದ್ತಾ ಹೋಗು, ನಿನ್ನ ಹಿಂದೆ ನಾನು ಹೇಳ್ತೀನಿ."

ಕನ್ನಡಕ ಅವರ ಕೊರಳಲ್ಲೇ ದಾರದಲ್ಲಿ ನೇತಾಡುತ್ತಿತ್ತು. ಕೃಪಾ ಅದನ್ನು ನೋಡಿದಳು, ಕಣ್ಣೊರೆಸಿಕೊಂಡು ಓದತೊಡಗಿದಳು.