ಕೊಕ್ಕೆಗೆ ಹಾಕದ ಫೋನು

ಗಂಡನ ಸಮಾರಾಧನೆ ಮುಗಿದ ಮಾರನೆಯ ದಿನ, ಸಾವಾದ ಎಲ್ಲರ ಮನೆಗೂ ಹಾಕುವಂತೆ ಅಂಬುಜಮ್ಮನ ಮನೆಯ ಗೋಡೆಗೂ ದೂರವಾಣಿ ಇಲಾಖೆಯವರು ತೀರಿಕೊಂಡವರ ಜೊತೆ ಮಾತಾಡುವ ಫೋನು ಹಾಕಿ ಹೋಗಿದ್ದರು. ದಿನವೂ ಸಂಜೆ ಅಂಬುಜಮ್ಮ ಗಂಡ ಅನಂತಯ್ಯನ ಹತ್ತಿರ ಮಾತಾಡಿ, "ಇಡ್ತೀನ್ರೀ" ಎಂದು ರಿಸೀವರನ್ನು ಕಿಟಕಿಯ ಕಟ್ಟೆಯ ಮೇಲೆ ಇಡುತ್ತಿದ್ದರು.

ಈ ಲೈನಿಗೆ ಬಿಡುವೇ ಇಲ್ಲವಲ್ಲ ಎಂದು ನೋಡಲು ಬಂದ ಲೈನ್‌ಮನ್ ಕರಿಬಸಪ್ಪ ಹಣೆ ಚಚ್ಚಿಕೊಂಡ.

"ಅಮ್ಮಾ, ಫೋನಿನ ಮೇಲೆ 'ಹ್ಯಾಂಗ್ ಅಪ್', ಅಂದ್ರೆ ನೇತುಹಾಕಿ, ಅಂತ ಬರೆದಿದೆಯಲ್ಲ. ಹಿಂದೆ ಎಲ್ಲಾ ಫೋನೂ ಹೀಗೇ ಗೋಡೆ ಮೇಲಿರ್ತಿತ್ತು, ಮಾತು ಮುಗಿದ್ಮೇಲೆ ಕೊಕ್ಕೆಗೆ ನೇತುಹಾಕ್ತಿದ್ರು. ಆ ಮಾತು ಹುಟ್ಟಿದ್ದೇ ಹಾಗೆ. ಆಮೇಲೆ ಮೇಜಿನ ಫೋನು ಬಂತು, ಮೊಬೈಲು ಬಂತು, ಇಂಗ್ಲಿಷಲ್ಲಿ ಇವತ್ತಿಗೂ ಹಾಗೇ ಅಂತಾರೆ. ನಾವು 'ಇಡ್ತೀನಿ' ಅಂತೀವಿ, ಇಟ್ಬಿಡ್ತೀವಿ. ಕೊಕ್ಕೆಗೆ ಹಾಕದಿದ್ರೆ ಲೈನ್ ಕಟ್ಟಾಗಲ್ಲ. ಲೈನ್ ಕಟ್ಟಾಗದೆ ಆ ಕಡೆ ಇರೋರಿಗೆ ನಿದ್ದೆ ಬರಲ್ಲ."

ಅವನು ಹೋದ ಮೇಲೆ ಅಂಬುಜಮ್ಮ ರಿಸೀವರ್ ಎತ್ತಿಕೊಂಡರು.

"ಏನ್ರೀ, ಇಷ್ಟು ದಿನ ಎಲ್ಲಾ ಕೇಳಿಸ್ತಿತ್ತಾ?"

"ಹೂಂ ಕಣೇ. ಕುಕ್ಕರ್ ಮೂರು ಸಲ ಕೂಗಿದ್ರೂ ನೀನು ಗ್ಯಾಸ್ ಆಫ್ ಮಾಡಲ್ಲ."

"ನಿದ್ದೆ ಇಲ್ಲದೆ ಒದ್ದಾಡೋ ಬದಲು ಹೇಳಬಾರದಿತ್ತಾ?"

"ಹೇಳಿದ್ರೆ ನೀನು ಸರಿಯಾಗಿ ಕೊಕ್ಕೆಗೆ ಹಾಕಿಬಿಡ್ತಿದ್ದೆ."

ಅಷ್ಟು ಹೇಳಿ ಅನಂತಯ್ಯ ಉದ್ದಕ್ಕೆ ಆಕಳಿಸಿದ್ದು ಕೇಳಿಸಿತು. ಅಂಬುಜಮ್ಮ, "ಮಲಕ್ಕೊಳ್ಳಿ, ನಾಳೆ ಮಾತಾಡೋಣ" ಎಂದು ರಿಸೀವರನ್ನು ಮೆಲ್ಲಗೆ ಕೊಕ್ಕೆಗೆ ನೇತುಹಾಕಿದರು.

ಅಡುಗೆಮನೆಯಲ್ಲಿ ಕುಕ್ಕರ್ ಮೂರನೇ ಸಲ ಕೂಗಿತು. ಅಂಬುಜಮ್ಮ ಓಡಿಹೋಗಿ ಗ್ಯಾಸ್ ಆಫ್ ಮಾಡಿದರು. ಕೇಳಿಸಿಕೊಳ್ಳಬೇಕಾದವರು ಆಗಲೇ ಮಲಗಿಬಿಟ್ಟಿದ್ದರು.