ಹತ್ತು ನಿಮಿಷ ಮುಂದಿದ್ದ ಬೊಂಬೆ

ಹೊಸ ಹೆರಿಗೆ ಆಸ್ಪತ್ರೆಯ ಮೊದಲ ಬಾಗಿಲು ಕೈ ಚಾಚಿತು. ಜನರಿಗಿಂತ ಮೊದಲು ಬಾಗಿಲುಗಳನ್ನು ಪರೀಕ್ಷಿಸುವ ಬೊಂಬೆ ಅದರ ಅಂಗೈಯ ಮುದ್ರೆ ನೋಡಿ, ‘ಅವಧಿ ಮುಗಿದಿದೆ’ ಎಂದು ಹಿಂದೆ ಸರಿಯಿತು. ಬೆಳಗಿನಿಂದ ಇದು ಒಂಬತ್ತನೇ ಸಲ.

“ಅದರ ಕಣ್ಣು ಕಟ್ಟಿ ಒಳಗ ಕಳಿಸ್ರಿ ಮೇಡಂ,” ಎಂದರು ಮೇಲ್ವಿಚಾರಕ ಹಾಲಪ್ಪ. “ಹತ್ತಕ್ಕ ಬಸುರಿಯರು ಬರ್ತಾರ.”

“ಕಣ್ಣು ಕಟ್ಟಿದ ಬೊಂಬಿ ಕಳ್ಳ ಬಾಗಲದ ಕೈನೂ ಕುಲುಕತೈತ್ರಿ,” ಎಂದಳು ಪರೀಕ್ಷಕಿ ನೀಲವ್ವ. ಹೋದ ತಿಂಗಳು ಔಷಧಿ ಅಂಗಡಿಯ ಪಕ್ಕ ಎದ್ದ ಕಳ್ಳ ಬಾಗಿಲೊಳಗೆ ಹೋದ ಮೂವರು ತಮ್ಮ ಹೆಸರು ಕಳೆದುಕೊಂಡು ಹೊರಬಂದಿದ್ದರು. ಇನ್ನೂ ಹುಡುಕುತ್ತಿದ್ದಾರೆ.

ಅವಳು ಬಾಗಿಲಿನ ಅಂಗೈ ಮುಟ್ಟಿದಳು. ಐದು ನಿಮಿಷಕ್ಕೊಮ್ಮೆ ಹೊಸದಾಗುವ ಮುದ್ರೆಯ ಶಾಯಿ ಇನ್ನೂ ಹಸಿಯಾಗಿತ್ತು. ಹಾಗಾದರೆ ತಪ್ಪು ಬಾಗಿಲಿನದಲ್ಲ. ಬೊಂಬೆಯ ಎದೆಯ ಮುಚ್ಚಳ ತೆರೆದು, ಒಳಗಿನ ಗಡಿಯಾರದ ಪಕ್ಕ ತನ್ನ ಕೈಗಡಿಯಾರ ಹಿಡಿದಳು.

“ಇದನ್ನ ಹತ್ತು ನಿಮಿಷ ಮುಂದ ಇಟ್ಟವರು ಯಾರ್ರಿ?”

ಹಾಲಪ್ಪ ಕೆಮ್ಮಿದರು. “ನಾನ್ರಿ. ಆಫೀಸಿನ್ಯಾಗ ಎಲ್ಲಾ ಗಡಿಯಾರಾನೂ ಹಂಗ ಇಟ್ಟೀನ್ರಿ. ಯಾರೂ ತಡಾ ಮಾಡಬಾರದಂತ.”

ನೀಲವ್ವ ಮುಳ್ಳು ಹಿಂದಕ್ಕೆ ತಿರುಗಿಸಿದಳು. ಬೊಂಬೆ ಮೊದಲ ಬಾಗಿಲಿನ ಕೈ ಕುಲುಕಿತು, ಎರಡನೆಯದರದ್ದೂ. ಹನ್ನೊಂದು ಬಾಗಿಲುಗಳು ಒಂದರ ಹಿಂದೊಂದು ತೆರೆದುಕೊಂಡವು. ಹನ್ನೆರಡನೆಯದರ ಮುಂದೆ ಮಾತ್ರ ಬೊಂಬೆ ಕೈ ಹಿಂದೆ ತೆಗೆದುಕೊಂಡಿತು.

“ಮತ್ತ ಕೆಟ್ಟಿತಲ್ರಿ,” ಎಂದರು ಹಾಲಪ್ಪ.

“ಇಲ್ರಿ, ಈಗ ಸರಿ ಆಗೇತಿ.” ನೀಲವ್ವ ನಕ್ಕಳು. “ಈ ಆಸ್ಪತ್ರಿಗೆ ನೀವು ಕಟ್ಟಿಸಿದ್ದು ಎಷ್ಟು ಬಾಗಲ?”

ಹಾಲಪ್ಪ ಬೆರಳು ಮಡಚಿ ಎಣಿಸಿದರು. ಹನ್ನೊಂದಕ್ಕೆ ಎಣಿಕೆ ನಿಂತಿತು.

ಹತ್ತು ಗಂಟೆಗೆ ಮೊದಲ ಬಸುರಿ ಮೆಟ್ಟಿಲೇರುವಾಗ ಹಾಲಪ್ಪ ಹನ್ನೆರಡನೆಯ ಬಾಗಿಲಿಗೆ ಅಡ್ಡಹಲಗೆ ಬಡಿದು ಮುಗಿಸಿದ್ದರು. ಆಫೀಸಿನ ಗೋಡೆಯ ಗಡಿಯಾರವೂ ಹತ್ತು ಗಂಟೆಯನ್ನೇ ತೋರಿಸುತ್ತಿತ್ತು.